ಒಡ್ಡಿದ ಮಣ್ಣು, ಒಡ್ಡಿಕೊಂಡ ನೆಲ

ಹುನಗುಂದದ ಕಡೆ ಉತ್ತರಿ ಮಳಿ ರಾತ್ರಿಯೆಲ್ಲ ಹೊಡೆದರೆ, ಮರುದಿನ ಹೊಲದಿಂದ ಬರುವ ಹುಡುಗನನ್ನು ನಿಲ್ಲಿಸಿ ಹಿರಿಯರು ಕೇಳುವುದು ಎರಡೇ ಮಾತು. "ಒಡ್ಡು ತುಂಬ್ಯಾವೇನೋ ತಮ್ಮಾ?" ಆಮೇಲೆ, "ಒಂದೂ ಒಡದಿಲ್ಲಲ್ಲ?" ಮಿಲಿಮೀಟರ್ ಲೆಕ್ಕ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಹೊಲದ ಮಟ್ಟಿಗೆ ಮಳೆಯೆಂದರೆ ಒಡ್ಡಿನ ಹಿಂದೆ ನಿಂತ ನೀರು.

ಆ ಪದದ ಬಗ್ಗೆ ಈಗ ಬರೆಯಬೇಕೆನಿಸಿದ್ದಕ್ಕೆ ಕಾರಣವಿದೆ. ಹವಾಮಾನ ಬದಲಾವಣೆಯನ್ನು ಎದುರಿಸುವ ನಮ್ಮ ದೇಶದ ರಾಷ್ಟ್ರೀಯ ಕ್ರಿಯಾಯೋಜನೆ ಬಿಡುಗಡೆಯಾದದ್ದು 2008ರ ಜೂನ್ 30ರಂದು. ಅದರ ಬೆನ್ನಿಗೆ ರಾಜ್ಯಗಳ ಯೋಜನೆಗಳು ಬಂದವು, ಕೃಷಿಗೊಂದು ನೀರಿಗೊಂದು ಅಭಿಯಾನ ಬಂತು. ಅವುಗಳ ಜೊತೆಗೆ ಹಳ್ಳಿಗೆ ಇಳಿದುಬಂದ ಕನ್ನಡದಲ್ಲಿ ಹೊಂದಾಣಿಕೆ, ತಾಳಿಕೆ, ಸುಸ್ಥಿರತೆ ಎಂಬ ಮಾತುಗಳು ಧಾರಾಳವಾಗಿವೆ. ಬದು ಇದೆ, ಕಂದಕವಿದೆ, ಚೆಕ್‌ಡ್ಯಾಂ ಇದೆ. ಒಡ್ಡು ಎಂಬ ಮಾತು ನಾನು ಓದಿದ ಕರಪತ್ರಗಳಲ್ಲಿ ಬಲು ಅಪರೂಪ. ಆದರೆ ಮಳೆ ಕೈಕೊಡುವ, ಕೊಟ್ಟರೆ ಒಮ್ಮೆಗೇ ಸುರಿಯುವ ಈ ಸೀಮೆಯಲ್ಲಿ ಜನ ತಲೆಮಾರುಗಳಿಂದ ಕಲಿತದ್ದೆಲ್ಲ ಆ ಮಾತಿನಲ್ಲಿ ಕೂಡಿಕೊಂಡಿದೆ. ಯೋಜನೆ ಇಲ್ಲಿ ಫಲ ಕೊಡಬೇಕಾದರೆ ಮೊದಲು ಆ ಮಾತನ್ನು ಓದಿಕೊಳ್ಳಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ನೀರಿಗೆ ಅಡ್ಡ ಹಾಕಿದ ಮಣ್ಣಿಗೆ ಕನ್ನಡದಲ್ಲಿ ಹೆಸರುಗಳು ಬೇಕಾದಷ್ಟಿವೆ. ಕೆರೆಗಿರುವುದು ಏರಿ. ಹೊಳೆಗೆ ಅಡ್ಡಲಾಗಿ ಕಟ್ಟಿದ್ದು ಅಣೆ, ಅಣೆಕಟ್ಟು. ಕಟ್ಟೆಯೆಂದರೆ ಸಣ್ಣ ಕೆರೆಯೂ ಹೌದು, ಅರಳಿಮರದ ಸುತ್ತ ಜನ ಕೂರುವ ಜಾಗವೂ ಹೌದು. ಬದು ನಮ್ಮ ಕಡೆಯ ಬಳಕೆಯಲ್ಲಿ ಮುಖ್ಯವಾಗಿ ಎಲ್ಲೆ. ನನ್ನ ಹೊಲ ಇಲ್ಲಿಗೆ ಮುಗಿಯಿತು, ನಿನ್ನದು ಇಲ್ಲಿಂದ ಸುರು ಎಂದು ತೋರಿಸುವ ಗೆರೆ. ಅದರ ಮೇಲೆ ಹುಲ್ಲು ಬೆಳೆಯುತ್ತದೆ, ಕಾಲುದಾರಿ ಹೋಗುತ್ತದೆ, ಅಣ್ಣತಮ್ಮಂದಿರ ಜಗಳವೂ ಹುಟ್ಟುತ್ತದೆ. ಒಡ್ಡು ಇವೆಲ್ಲಕ್ಕಿಂತ ಬೇರೆ. ಎಲ್ಲೆ ಎಲ್ಲಿದೆ ಎಂದು ನೋಡಿ ಒಡ್ಡು ಹಾಕುವುದಿಲ್ಲ, ನೀರು ಎಲ್ಲಿಂದ ಎಲ್ಲಿಗೆ ಓಡುತ್ತದೆ ಎಂದು ನೋಡಿ ಹಾಕುತ್ತಾರೆ. ಆಡುಮಾತಿನಲ್ಲಿ ಅದು ವಡ್ಡು. ಬಾಯಿಗೆ ಬಂದಂತೆ ವ ಸೇರಿಕೊಂಡಿದೆ, ಅಷ್ಟೇ.

ಹುನಗುಂದದಿಂದ ಇಳಕಲ್ಲಿನ ಕಡೆಗೋ ಅಮೀನಗಡದ ಕಡೆಗೋ ಹೋಗುವಾಗ ಎರಿ ಹೊಲಗಳನ್ನು, ಅಂದರೆ ಕಪ್ಪು ಮಣ್ಣಿನ ಹೊಲಗಳನ್ನು, ಬೇಸಿಗೆಯಲ್ಲಿ ನೋಡಬೇಕು. ಪಾದ ಹೊಗುವಷ್ಟು ಬಿರುಕು ಬಿಟ್ಟಿರುತ್ತದೆ. ಕಣ್ಣಿಗೆ ಸಪಾಟಾಗಿ ಕಂಡರೂ ನೆಲಕ್ಕೆ ಒಂದು ಸಣ್ಣ ಇಳುಕಲು ಇರುತ್ತದೆ, ಆ ಇಳುಕಲಿನ ಕೆಳಗೆ ಒಂದು ಹಳ್ಳವಿರುತ್ತದೆ. ಹಳ್ಳಕ್ಕೆ ನೀರು ಓಡುವ ದಾರಿಗೆ ಅಡ್ಡಲಾಗಿ ಒಡ್ಡು. ತಳ ಅಗಲ, ಬೆನ್ನ ಮೇಲೆ ಆಳು ನಡೆದಾಡುವಷ್ಟು ಜಾಗ. ಒಂದು ತುದಿಗೆ, ಕೆಲವೊಮ್ಮೆ ನಡುವೆಯೇ, ಕಲ್ಲಿನ ಕೋಡಿ. ಗಾರೆಯಿಲ್ಲ, ಸಿಮೆಂಟಿಲ್ಲ. ದೊಡ್ಡ ಕಲ್ಲಿನ ಸಂದಿಗೆ ಸಣ್ಣ ಕಲ್ಲು ಬಡಿದು, ಒಂದು ವರಸೆಯ ಮೇಲೊಂದು ವರಸೆ ಕೂಡಿಸಿ, ಕೆಳಮುಖವಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿರುತ್ತಾರೆ. ಒಡ್ಡು ತುಂಬಿ ಮಿಕ್ಕ ನೀರು ಆ ಮೆಟ್ಟಿಲುಗಳ ಮೇಲೆ ಬಿದ್ದು ಬಿದ್ದು ತನ್ನ ವೇಗ ಕಳೆದುಕೊಂಡು ಕೆಳಗಿನ ಹೊಲಕ್ಕೆ ಹೋಗಬೇಕು. ಮೇಲಿನಿಂದ ಕೊಚ್ಚಿಬಂದ ಮಣ್ಣು ಒಡ್ಡಿನ ಹಿಂದೆ ತಂಗುತ್ತದೆ. ವರ್ಷದಿಂದ ವರ್ಷಕ್ಕೆ ಅಲ್ಲಿನ ನೆಲ ಏರುತ್ತದೆ, ಮಟ್ಟವಾಗುತ್ತದೆ. ನೆಲ ಏರಿದಂತೆ ಕೋಡಿಗೂ ಒಂದು ವರಸೆ ಕಲ್ಲು ಏರಿಸಬೇಕು. ಒಂದೆರಡು ತಲೆಮಾರಿನಲ್ಲಿ ಕೊರಕಲು ಬಿದ್ದಿದ್ದ ಜಾಗ ಊರಿನ ಒಳ್ಳೆಯ ಹೊಲವಾಗಿರುತ್ತದೆ.

ಆ ಹೊಲದಲ್ಲಿ ನೀರು ಇಂಗಿ, ಮೇಲಿನ ಹಸಿ ಕುಂಟಿಗೆ ಒಗ್ಗುವಷ್ಟಾದ ಕೂಡಲೇ ಕೂರಿಗಿ ಹೂಡುತ್ತಾರೆ. ಹಿಂಗಾರಿ ಜೋಳ, ಕಡಲೆ, ಕುಸುಬಿ. ಬಿತ್ತಿದ ಮೇಲೆ ಒಂದು ಹನಿ ಬೀಳದಿದ್ದರೂ ಆಳದ ಹಸಿಯನ್ನು ಕುಡಿದು ಬಿಳಿಜೋಳ ತೆನೆ ತೂಗುತ್ತದೆ. ಬಾಗಲಕೋಟೆ ಜಿಲ್ಲೆ ರಾಜ್ಯದ ಉತ್ತರ ಒಣ ವಲಯಕ್ಕೆ ಸೇರಿದ್ದು, ವರ್ಷದ ಸರಾಸರಿ ಮಳೆ 600 ಮಿಲಿಮೀಟರಿಗೂ ಕಡಿಮೆ, ಅದರಲ್ಲಿ ಹೆಚ್ಚಿನ ಪಾಲು ಸೆಪ್ಟೆಂಬರ್ ಆಸುಪಾಸಿನದು. ಆ ಕೆಲವು ದಿನಗಳ ನೀರನ್ನು ಹಿಡಿದವನಿಗೆ ಬೆಳೆ, ಬಿಟ್ಟವನಿಗೆ ಗುಳೆ. ಹುನಗುಂದದ ನಾಗರಾಳ ಮನೆತನ ಈ ಒಡ್ಡಿನ ಬೇಸಾಯವನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದೆ. ಮಲ್ಲಣ್ಣ ನಾಗರಾಳರ ಹೆಸರು ಒಣಬೇಸಾಯದ ಬಗ್ಗೆ ಕಾಳಜಿ ಇರುವ ಕನ್ನಡಿಗರಿಗೆ ಹೊಸದಲ್ಲ.

ಈಗ ಪದವನ್ನು ಹಿಡಿದು ಹಿಂದಕ್ಕೆ ಹೋಗೋಣ. ಒಡ್ಡು ಅಚ್ಚ ದ್ರಾವಿಡ ಮಾತು, ನಾಮಪದವೂ ಹೌದು ಕ್ರಿಯಾಪದವೂ ಹೌದು. ಕ್ರಿಯಾಪದದಿಂದ ಸುರುಮಾಡಿದರೆ ದಾರಿ ಸಲೀಸು. ಒಡ್ಡು ಎಂದರೆ ಮುಂದೆ ಹಿಡಿ, ಎದುರಿಗೆ ಇಡು. ಕೈ ಒಡ್ಡುತ್ತೇವೆ, ಬಲೆ ಒಡ್ಡುತ್ತೇವೆ, ಸವಾಲು ಒಡ್ಡುತ್ತೇವೆ, ಅಡ್ಡಿ ಒಡ್ಡುತ್ತೇವೆ, ಬೆದರಿಕೆ ಒಡ್ಡುತ್ತೇವೆ. ಕಿಟೆಲ್ಲರು 1894ರಲ್ಲಿ ಮಂಗಳೂರಿನಿಂದ ಹೊರತಂದ ನಿಘಂಟಿನಲ್ಲಿ ಈ ಮಾತಿಗೆ ಅರ್ಥಗಳ ದೊಡ್ಡ ಸಾಲೇ ಇದೆ. ಆ ಸಾಲನ್ನು ನಿಧಾನವಾಗಿ ಓದಿದರೆ ಒಂದು ಸಂಗತಿ ತಿಳಿಯುತ್ತದೆ. ಒಡ್ಡುವವನು ಕೆಲವೊಮ್ಮೆ ತಡೆಯಲು ಒಡ್ಡುತ್ತಾನೆ, ಕೆಲವೊಮ್ಮೆ ಪಡೆಯಲು ಒಡ್ಡುತ್ತಾನೆ, ಇನ್ನು ಕೆಲವೊಮ್ಮೆ ತನ್ನನ್ನೇ ಕೊಟ್ಟುಬಿಡಲು ಒಡ್ಡುತ್ತಾನೆ. ಮೂರಕ್ಕೂ ಒಂದೇ ಮಾತು ಸಾಕಾಗಿದೆ.

ಹಳಗನ್ನಡದ ಯುದ್ಧಕಾವ್ಯಗಳಲ್ಲಿ ಒಡ್ಡು ಎಂದರೆ ವೈರಿಯ ಎದುರಿಗೆ ಅಣಿಮಾಡಿ ನಿಲ್ಲಿಸಿದ ಪಡೆ. ಒಡ್ಡಣವೂ ಅದೇ. ಆನೆ ಮುಂದೆ, ಕುದುರೆ ಮಗ್ಗುಲಿಗೆ, ಕಾಲಾಳು ನಡುವೆ ಎಂದು ಲೆಕ್ಕಹಾಕಿ ನಿಲ್ಲಿಸಿದರೆ ಅದು ಒಡ್ಡು. ಚದುರಿ ನಿಂತರೆ ಬರೀ ಗುಂಪು. ನಮ್ಮ ಜಿಲ್ಲೆಯ ಮುಧೋಳದಲ್ಲಿ ಹುಟ್ಟಿದ ರನ್ನ ಚಾಲುಕ್ಯರ ಆಸ್ಥಾನದಲ್ಲಿ ಗದಾಯುದ್ಧವನ್ನು ಬರೆದ ಕಾಲದ ಕನ್ನಡ ಅದು. ದಂಡು ಕಟ್ಟುವ ಮಾತು ದರಬಾರಿಗೂ ನಡೆಯಿತು. ಒಡ್ಡು, ಓಲಗ ಸೇರಿ ಒಡ್ಡೋಲಗ: ಎಲ್ಲರೂ ತಮ್ಮ ತಮ್ಮ ಸ್ಥಾನದಲ್ಲಿ ಕೂತು ತುಂಬಿದ ಸಭೆ. ಅದನ್ನು ಇವತ್ತಿಗೂ ಜೀವಂತವಾಗಿ ಇಟ್ಟುಕೊಂಡಿರುವುದು ಕರಾವಳಿಯ ಯಕ್ಷಗಾನ. ಅಲ್ಲಿ ಪಾತ್ರಗಳು ರಂಗಕ್ಕೆ ಬಂದು ಕುಣಿದು ತಮ್ಮನ್ನು ತೋರಿಸಿಕೊಳ್ಳುವ ಮೊದಲ ಪ್ರವೇಶಕ್ಕೆ ಒಡ್ಡೋಲಗ ಎನ್ನುತ್ತಾರೆ.

ತೆಲುಗಿನಲ್ಲಿ ಒಡ್ಡು ಎಂದರೆ ದಡ, ಹೊಳೆಯ ಅಂಚು. ಪಂದ್ಯಕ್ಕೆ ಪಣ ಇಡುವುದಕ್ಕೂ ತೆಲುಗರು ಒಡ್ಡು ಎಂದೇ ಹೇಳುತ್ತಾರೆ. ಹಳೆಯ ಕನ್ನಡದಲ್ಲೂ ಒಡ್ಡ ಎಂದರೆ ಜೂಜಿನ ಪಣ. ಧರ್ಮರಾಯ ನೆತ್ತದ ಹಾಸಿನ ಮುಂದೆ ರಾಜ್ಯವನ್ನು ಒಡ್ಡಿದ, ತಮ್ಮಂದಿರನ್ನು ಒಡ್ಡಿದ, ಕೊನೆಗೆ ದ್ರೌಪದಿಯನ್ನೂ ಒಡ್ಡಿದ. ಇವತ್ತಿನ ಪತ್ರಿಕೆಯ ಭಾಷೆಯಲ್ಲಿ ಪ್ರಾಣವನ್ನು ಪಣಕ್ಕೊಡ್ಡಿ ಎಂದು ಬರೆಯುವಾಗ ಆ ನೆತ್ತದ ಹಾಸೇ ನಮಗೆ ತಿಳಿಯದಂತೆ ಹಿಂದೆ ಹರಡಿಕೊಂಡಿರುತ್ತದೆ. ಹಿಂಗಾರಿಗೆ ಬೀಜ ಬಿತ್ತುವ ರೈತ ಮಾಡುವುದೂ ಇದನ್ನೇ. ಮನೆಯಲ್ಲಿದ್ದ ಕಾಳನ್ನು ನೆಲದ ಹಸಿಯ ಮೇಲೆ ಒಡ್ಡುತ್ತಾನೆ.

ಇಳಕಲ್ಲಿಗೆ ಬಂದರೆ ಈ ಮಾತು ಬಟ್ಟೆಯ ಮೇಲೂ ಕಾಣುತ್ತದೆ. ಇಳಕಲ್ ಸೀರೆಯ ಕೆಂಪು ಸೆರಗಿನಲ್ಲಿ ಟೋಪ ತೆನಿಯ ಬಿಳಿ ಸಾಲು ಇರುತ್ತದೆ. ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸುವುದು ಆ ಮಗ್ಗದ ವಿಶೇಷ. ಬಾದಾಮಿ ಬನಶಂಕರಿಯ ಮುಂದೆ ನಿಂತ ಹೆಣ್ಣುಮಗಳು ಹರಕೆ ಹೊರುವಾಗ ಆ ಸೆರಗನ್ನೇ ಒಡ್ಡುತ್ತಾಳೆ. ಸೆರಗೊಡ್ಡಿ ಬೇಡಿಕೊಳ್ಳುವುದು, ಉಡಿಯೊಡ್ಡುವುದು ನಮ್ಮಲ್ಲಿ ಕೊನೆಯ ಮಾತು. ಅದಕ್ಕಿಂತ ದೊಡ್ಡ ಬೇಡಿಕೆ ಇಲ್ಲ. ಇದೇ ಇಳಕಲ್ಲಿನ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು ಊರೂರು ತಿರುಗಿ ಜೋಳಿಗೆ ಒಡ್ಡಿದರು. ಕಾಳು ಕೇಳಲಿಲ್ಲ, ಕಾಸು ಕೇಳಲಿಲ್ಲ. ನಿಮ್ಮ ಕುಡಿತ, ತಂಬಾಕು, ಗುಟ್ಕಾ ಇದರೊಳಗೆ ಹಾಕಿರಿ ಎಂದರು. ಮಹಾಂತ ಜೋಳಿಗೆ ಎಂಬ ಹೆಸರಿನಲ್ಲಿ ನಾಡೆಲ್ಲ ತಿಳಿದ ಆ ಕೆಲಸದ ನೆನಪಿಗೆ ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಇನ್ನು ಕೊರಳೊಡ್ಡಿದವರ ಊರೂ ಇಲ್ಲೇ ಇದೆ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿರಿ ಎಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ, ಗಲ್ಲಿಗೆ ಕೊರಳೊಡ್ಡಿದರು.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡಬೇಕು. ವಡ್ಡಾರಾಧನೆ ಎಂಬ ಹಳಗನ್ನಡ ಗದ್ಯಗ್ರಂಥದ ವಡ್ಡಕ್ಕೂ ನಮ್ಮ ಒಡ್ಡಿಗೂ ಸಂಬಂಧವಿಲ್ಲ. ಅದು ಸಂಸ್ಕೃತದ ವೃದ್ಧ ಪ್ರಾಕೃತದ ದಾರಿಯಲ್ಲಿ ಬಂದು ಪಡೆದ ರೂಪ. ಹಿರಿಯರ ಆರಾಧನೆ ಎಂದು ಅರ್ಥ. ಇನ್ನೊಂದು ಗೊಂದಲ ಇದಕ್ಕಿಂತ ಸೂಕ್ಷ್ಮ. ಮಣ್ಣು ಹೊತ್ತು, ಕಲ್ಲು ಒಡೆದು, ಕೆರೆ ಬಾವಿ ತೋಡಿ ನಾಡು ಕಟ್ಟಿದ ಜನಾಂಗಕ್ಕೆ ಒಡ್ಡರು ಎಂಬ ಹೆಸರಿದೆ. ಒಡ್ಡು ಕಟ್ಟುವವರಾದ್ದರಿಂದ ಒಡ್ಡರು ಎಂದು ಜನ ಹೇಳುತ್ತಾರೆ. ವಿದ್ವಾಂಸರು ಒಡಿಶಾದ ಹಳೆಯ ಹೆಸರಾದ ಓಡ್ರದ ಕಡೆಗೆ ಬೆರಳು ತೋರಿಸುತ್ತಾರೆ. ಪದದ ಮೂಲ ಯಾವುದೇ ಇರಲಿ, ಕೆಲಸದ ಮೂಲದಲ್ಲಿ ಅನುಮಾನವಿಲ್ಲ. ಭೋವಿಗಳು ಎಂದು ಕರೆದುಕೊಳ್ಳುವ ಆ ಜನ ತಮ್ಮ ಗುರುವೆಂದು ನೆನೆಯುವುದು ಸೊನ್ನಲಿಗೆಯ ಸಿದ್ಧರಾಮನನ್ನು. ಹನ್ನೆರಡನೆಯ ಶತಮಾನದಲ್ಲಿ ಈಗಿನ ಸೊಲ್ಲಾಪುರದಲ್ಲಿ ಕೆರೆ ಕಟ್ಟಿಸುವುದನ್ನೇ ಯೋಗವೆಂದು ತಿಳಿದ ಶರಣ ಆತ. ಈ ಜನಾಂಗದ ಹೆಸರನ್ನು ಬೈಗುಳವಾಗಿ ಬಳಸುವ ಕೆಟ್ಟ ರೂಢಿ ನಮ್ಮ ಊರುಗಳಲ್ಲಿ ಇನ್ನೂ ಉಳಿದಿದೆ. ನಮ್ಮ ಹೊಲದ ಹಸಿ ಯಾರ ಬೆನ್ನಿನ ಮೇಲಿಂದ ಬಂತು ಎಂಬುದನ್ನು ಮರೆತವರು ಮಾತ್ರ ಹಾಗೆ ಮಾತಾಡಬಲ್ಲರು. ಒಡ್ಡಿನ ಚರಿತ್ರೆ ಬರೆಯುವಾಗ ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ನೀರಿನ ಎದುರಿಗೆ ಏನನ್ನಾದರೂ ಒಡ್ಡಿ ನಿಲ್ಲಿಸುವ ಜಾಣತನ ಈ ಸೀಮೆಯಲ್ಲಿ ಬಹಳ ಹಳೆಯದು. ಬಾದಾಮಿಯ ಅಗಸ್ತ್ಯತೀರ್ಥಕ್ಕೆ ಮೂರು ಕಡೆ ಕೆಂಪು ಬಂಡೆಯ ಗುಡ್ಡಗಳು. ಊರಿನ ಕಡೆಗೆ ಮಾತ್ರ ಮನುಷ್ಯರು ಕಲ್ಲಿನ ಕಟ್ಟಡ ಒಡ್ಡಿದ್ದಾರೆ. ಮಳೆ ಬಿದ್ದಾಗ ಗುಡ್ಡದ ನೆತ್ತಿಯಿಂದ ಧುಮುಕುವ ನೀರೆಲ್ಲ ಅಲ್ಲಿ ಬಂದು ನಿಲ್ಲುತ್ತದೆ. ಒಂದನೆಯ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದ್ದನ್ನು ಹೇಳುವ ಬಂಡೆಯ ಶಾಸನ ಕ್ರಿ.ಶ. 543ರದು. ಚಾಲುಕ್ಯರ ಕೋಟೆ ಎಲ್ಲರ ಬಾಯಲ್ಲಿದೆ. ಅಷ್ಟು ಜನ, ಆನೆ, ಕುದುರೆ ಒಣ ಗುಡ್ಡದ ಬುಡದಲ್ಲಿ ಬದುಕಿದ್ದಾದರೂ ಹೇಗೆ ಎಂದು ಕೇಳಿಕೊಂಡರೆ ಉತ್ತರ ಕೋಟೆಯಲ್ಲಿಲ್ಲ, ಕೆರೆಯಲ್ಲಿದೆ.

ಬ್ರಿಟಿಷರ ಕಾಲಕ್ಕೆ ಈ ಪ್ರದೇಶ ಮುಂಬಯಿ ಪ್ರಾಂತ್ಯದ ಕಲಾದಗಿ ಜಿಲ್ಲೆ, ಆಮೇಲೆ ವಿಜಾಪುರ ಜಿಲ್ಲೆ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. 1876ರಿಂದ 78ರವರೆಗಿನ ಬರ ಕಲಾದಗಿ ಜಿಲ್ಲೆಯನ್ನು ಹಿಂಡಿಹಾಕಿತು. ಬರದ ಕಾಮಗಾರಿಯ ಹೆಸರಿನಲ್ಲಿ ಕೆರೆ, ರಸ್ತೆಗಳ ಮಣ್ಣಿನ ಕೆಲಸ ನಡೆಯಿತು. 1930ರ ದಶಕದಲ್ಲಿ ಸೊಲ್ಲಾಪುರ, ವಿಜಾಪುರಗಳಲ್ಲಿ ಒಣಬೇಸಾಯದ ಸಂಶೋಧನೆ ಸುರುವಾಯಿತು. 1942ರಲ್ಲಿ ಮುಂಬಯಿ ಸರ್ಕಾರ ಭೂಸುಧಾರಣೆಯ ಕಾಯ್ದೆ ತಂದು ಸಮಪಾತಳಿಯ ಬದುಗಳನ್ನು ಸಾಲು ಸಾಲಾಗಿ ಹಾಕಿಸಲು ಹೊರಟಿತು. ಆಗ ಹಳ್ಳಿಗೆ ಬಂದ ಮಾತು ಬಂಡಿಂಗ್. ಅದರೊಳಗೆ ಕೂತಿರುವುದು ಪಾರಸಿಯ ಬಂದ್. ಕಟ್ಟು ಎಂದು ಅರ್ಥ. ಬಂದೋಬಸ್ತಿನಲ್ಲೂ, ಅಂಗಡಿ ಮುಚ್ಚಿಸುವ ಬಂದ್‌ನಲ್ಲೂ ಇರುವುದು ಅದೇ. ಅದು ಇಂಗ್ಲಿಷಿಗೆ ಹೋಗಿ ಬಂಡ್ ಆಗಿ, ಇಂಗ್ ಹಚ್ಚಿಕೊಂಡು ಕಾಮಗಾರಿಯಾಗಿ ಮರಳಿ ಬಂತು. ಇವತ್ತಿಗೂ ನಮ್ಮ ಹಿರಿಯರು "ಆ ಹೊಲಕ್ಕ ಬಂಡಿಂಗ ಆಗೇತಿ" ಎನ್ನುತ್ತಾರೆ. ಮಾತಿನಲ್ಲಿರುವ ಭೇದ ಗಮನಿಸಬೇಕು. ಒಡ್ಡು ಹಾಕುತ್ತಾರೆ, ಬಂಡ್ ಆಗುತ್ತದೆ. ಒಂದು ತಾವು ಮಾಡಿದ್ದು, ಇನ್ನೊಂದು ಸರ್ಕಾರ ಮಾಡಿದ್ದು.

ಬಂಡಿಂಗ್ ಎಲ್ಲ ಕಡೆಯೂ ಕೆಟ್ಟಿತು ಎಂದು ಹೇಳಿದರೆ ತಪ್ಪಾಗುತ್ತದೆ. ಮಸಾರಿ ನೆಲದಲ್ಲಿ, ಸಾಧಾರಣ ಇಳುಕಲಿನಲ್ಲಿ ಅದರಿಂದ ಮಣ್ಣು ಉಳಿದಿದೆ. ಆದರೆ ಆಳವಾದ ಎರಿ ಮಣ್ಣಿನ ಗುಣವೇ ಬೇರೆ. ಅದರ ಜೇಡಿ ನೀರು ಕುಡಿದಾಗ ಉಬ್ಬಿ ಕಿಂಡಿಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ, ಮೇಲೆ ನಿಂತ ನೀರು ಬೇಗ ಇಳಿಯುವುದಿಲ್ಲ. ಬೇಸಿಗೆಗೆ ಅದೇ ಮಣ್ಣು ಒಣಗಿ ಕುಗ್ಗಿ ಬಿರುಕು ಬಿಡುತ್ತದೆ. ಆ ಬಿರುಕು ಬದುವಿನ ಮೈಯಲ್ಲೂ ಬೀಳುತ್ತದೆ. ಮೊದಲ ದೊಡ್ಡ ಮಳೆಗೆ ನೀರು ಬಿರುಕಿನೊಳಗೆ ಹೊಕ್ಕು ಬದು ಒಡೆಯುತ್ತದೆ. ಆದ್ದರಿಂದಲೇ ಆಳದ ಎರಿ ಭೂಮಿಗೆ ಸಮಪಾತಳಿ ಬದು ಹೊಂದುವುದಿಲ್ಲ, ಹೆಚ್ಚಾದ ನೀರನ್ನು ಮೆಲ್ಲಗೆ ಹೊರಗೆ ಕಳಿಸುವ ಇಳಿಜಾರು ಬದುವೇ ಮೇಲು ಎಂದು ಮಣ್ಣಿನ ತಜ್ಞರೂ ಹೇಳಿದರು. ಹುನಗುಂದದ ಒಡ್ಡಿಗೆ ಕೋಡಿ ಏಕೆ ಇದೆ ಎಂಬ ಪ್ರಶ್ನೆಗೆ ಇದೇ ಉತ್ತರ. ಕೋಡಿಯಿಲ್ಲದ ಒಡ್ಡು ಒಡ್ಡೇ ಅಲ್ಲ. ಅದು ಕೆಳಗಿನವನ ಹೊಲದ ಮೇಲೆ ಕಾದು ಕುಳಿತ ಹೊಳೆ.

2008ರ ರಾಷ್ಟ್ರೀಯ ಯೋಜನೆಯಲ್ಲಿ ಎಂಟು ಅಭಿಯಾನಗಳಿದ್ದವು. ಸೌರಶಕ್ತಿ, ಇಂಧನ ಮಿತವ್ಯಯ, ನಗರ ವಾಸ, ನೀರು, ಹಿಮಾಲಯ, ಹಸಿರು ಭಾರತ, ಕೃಷಿ, ಜ್ಞಾನ. ನೀರಿನ ಅಭಿಯಾನದ ಗುರಿ ನೀರಿನ ಬಳಕೆಯ ದಕ್ಷತೆಯನ್ನು ಶೇ 20ರಷ್ಟು ಹೆಚ್ಚಿಸುವುದು. 2011ರಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಹವಾಮಾನದ ಏರುಪೇರು ತಾಳಬಲ್ಲ ಕೃಷಿಗೆಂದು ಬೇರೊಂದು ಯೋಜನೆಯನ್ನು ಸುರುಮಾಡಿತು. ಇವೆಲ್ಲ ಬೇಕಾದ ಕೆಲಸಗಳೇ. ನನ್ನ ಕಣ್ಣು ಹೋದದ್ದು ಅವುಗಳ ಹಿಂದಿನ ವಿಜ್ಞಾನದ ಒಂದು ಮಾತಿನ ಕಡೆಗೆ. ಹವಾಮಾನ ಬದಲಾವಣೆಯ ಜಾಗತಿಕ ವರದಿಗಳು ಅಪಾಯವನ್ನು ಮೂರು ಎಳೆಯಾಗಿ ಬಿಡಿಸುತ್ತವೆ. ಮೊದಲನೆಯದು ಬಂದೆರಗುವ ಆಪತ್ತು. ಎರಡನೆಯದು ಅದರ ದಾರಿಯಲ್ಲಿ ಯಾರು, ಏನು, ಎಷ್ಟು ಸಿಕ್ಕಿಕೊಂಡಿದೆ ಎಂಬುದು. ಮೂರನೆಯದು ಸಿಕ್ಕಿಕೊಂಡವರ ತಾಳುವ ಬಲ ಎಷ್ಟು ಕಡಿಮೆ ಎಂಬುದು. ಎರಡನೆಯ ಎಳೆಗೆ ಕನ್ನಡದಲ್ಲಿ ಬರೆಯುವವರು ಒಡ್ಡಿಕೆ ಎನ್ನುತ್ತಾರೆ, ಒಡ್ಡಿಕೊಳ್ಳುವಿಕೆ ಎನ್ನುತ್ತಾರೆ. ಬಿಸಿಲಿಗೆ ಮೈಯೊಡ್ಡಬೇಡಿ ಎಂದು ಏಪ್ರಿಲ್ ತಿಂಗಳಲ್ಲಿ ಆರೋಗ್ಯ ಇಲಾಖೆ ಹೇಳುವುದೂ ಈ ಮಾತಿನಲ್ಲೇ.

ಹೀಗೆ ನೀರನ್ನು ತಡೆಯುವ ಮಣ್ಣಿಗೂ ಒಡ್ಡು, ಆಪತ್ತಿಗೆ ಬರಿಮೈಯಾಗಿ ನಿಲ್ಲುವುದಕ್ಕೂ ಒಡ್ಡು. ಇದು ಪದದ ಅಪಘಾತವಲ್ಲ ಎಂದು ನನ್ನ ತಿಳಿವಳಿಕೆ. ಏಕೆಂದರೆ ಹೊಲದಲ್ಲಿಯೂ ಇವೆರಡು ಕೂಡಿಯೇ ಇವೆ. ಒಡ್ಡು ಹಾಕುವ ರೈತ ತನ್ನ ಹೊಲದ ಒಂದು ಪಾಲನ್ನು ನೀರಿಗೆ ಕೊಡುತ್ತಾನೆ. ಕೆಲವು ದಿನ ಅಲ್ಲಿ ನೀರು ನಿಲ್ಲುತ್ತದೆ, ಮುಂಗಾರಿನಲ್ಲಿ ಆ ಜಾಗ ಬಿತ್ತಲು ಬರುವುದಿಲ್ಲ. ಹಿಂಗಾರಿಗೆ ಹಸಿ ಬೇಕೆಂದು ಮುಂಗಾರಿಯನ್ನು ಬಿಟ್ಟುಕೊಡುವುದು ಎರಿ ಸೀಮೆಯ ಹಳೆಯ ಲೆಕ್ಕ. ತನ್ನ ನೆಲವನ್ನು ಒಡ್ಡಿದರೆ ಮಾತ್ರ ಒಡ್ಡು ಆಗುತ್ತದೆ.

ನೆರೆಹೊರೆಯ ಮಾತೂ ಇದೆ. ನೀರು ಬರುವುದು ಮೇಲಿನ ಹೊಲದಿಂದ, ಹೋಗುವುದು ಕೆಳಗಿನ ಹೊಲಕ್ಕೆ. ಮೇಲಿನವರ ಕೋಡಿ ಸರಿಯಿದ್ದರೆ ಕೆಳಗಿನವರ ಒಡ್ಡು ಉಳಿಯುತ್ತದೆ. ಮೇಲಿನವರು ನಿರ್ಲಕ್ಷ್ಯ ಮಾಡಿದರೆ ಒಂದು ಒಡೆದು, ಅದರ ನೀರಿನ ಹೊಡೆತಕ್ಕೆ ಎರಡನೆಯದು ಒಡೆದು, ಸಾಲಾಗಿ ಹಳ್ಳದವರೆಗೂ ಕೊಚ್ಚಿಹೋಗುತ್ತದೆ. ಹಾಗಾಗಿ "ಕಾಕಾ, ನಿಮ್ಮ ಕೋಡಿ ಕಲ್ಲು ಸರದಾವು, ಒಂದೀಟು ನೋಡ್ರಿ" ಎಂದು ಕೆಳಗಿನ ಹೊಲದವ ಮೇಲಿನವರ ಮನೆಗೆ ಹೋಗಿ ಹೇಳುವುದು ಮರ್ಯಾದೆಯ ಮಾತೇ ಹೊರತು ತಗಾದೆಯಲ್ಲ. ಹುನಗುಂದದ ಒಡ್ಡುಗಳನ್ನು ಉಳಿಸಿದ್ದು ಮಣ್ಣಿನ ಎತ್ತರಕ್ಕಿಂತ ಹೆಚ್ಚಾಗಿ ಇಂಥ ಮಾತುಕತೆ. ಯೋಜನೆಯ ಕಾಗದದಲ್ಲಿ ಇದಕ್ಕೊಂದು ಅಂಕಣ ಇರಬೇಕಿತ್ತು.

ಬಿಸಿಯಾದ ಗಾಳಿ ಹೆಚ್ಚು ತೇವ ಹಿಡಿಯುತ್ತದೆ. ತಾಪಮಾನ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಹಿಡಿಯಬಲ್ಲ ತೇವ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಅಂದರೆ ಸುರಿದಾಗ ಒಮ್ಮೆಗೇ ಹೆಚ್ಚು ಸುರಿಯುತ್ತದೆ, ನಡುವಿನ ಒಣ ದಿನಗಳು ಉದ್ದವಾಗುತ್ತವೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕ ಕಂಡದ್ದು ಅಂಥದೇ ಮಳೆ. ಬರದ ಮಾತಾಡುತ್ತಿದ್ದ ಜನರ ಮನೆಯೊಳಗೆ ನೀರು ಹೊಕ್ಕಿತು. ಮಲಪ್ರಭೆಯ ದಂಡೆಯ ಹಳ್ಳಿಗಳು ಮುಳುಗಿದವು, ಮನೆ ಕಳೆದುಕೊಂಡವರಿಗೆ ಸರ್ಕಾರ ಆಸರೆ ಎಂಬ ಹೆಸರಿನಲ್ಲಿ ಮನೆ ಕಟ್ಟಿಸಿತು. 2019ರ ಆಗಸ್ಟ್‌ನಲ್ಲಿ ಮತ್ತೆ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ಬಂದಳು. ಅದೇ ಮಲಪ್ರಭೆ ಕೃಷ್ಣೆಯನ್ನು ಕೂಡುವ ಕೂಡಲಸಂಗಮದಲ್ಲಿ, ಜಲಾಶಯದ ಹಿನ್ನೀರು ಬಸವಣ್ಣನವರ ಐಕ್ಯಸ್ಥಳವನ್ನು ಮುಳುಗಿಸಬಾರದೆಂದು ಸುತ್ತಲೂ ಬಾವಿಯಂಥ ಗೋಡೆ ಎಬ್ಬಿಸಿದ್ದಾರೆ. ಮೆಟ್ಟಿಲಿಳಿದು ಒಳಗೆ ನಿಂತವರ ತಲೆಯ ಮೇಲಿನ ಮಟ್ಟದಲ್ಲಿ ಹೊರಗೆ ನೀರು ನಿಂತಿರುತ್ತದೆ. ಗೋಡೆಗೆ ಜನ ಏನೇ ಹೆಸರಿಟ್ಟಿರಲಿ, ನನ್ನ ಕಣ್ಣಿಗೆ ಅದು ಒಡ್ಡೇ.

ದೊಡ್ಡ ಹೊಳೆಯ ಪ್ರವಾಹವನ್ನು ಹೊಲದ ಒಡ್ಡು ತಡೆಯಲಾರದು. ಅಷ್ಟು ದೊಡ್ಡ ಮಾತನ್ನು ನಾನು ಹೇಳುತ್ತಿಲ್ಲ. ಆದರೆ ಹಳ್ಳಗಳ ತಲೆಯಲ್ಲಿ ಬಿದ್ದ ನೀರು ಅಲ್ಲಲ್ಲೇ ನಿಂತು ಇಂಗಿದರೆ, ಮಿಕ್ಕದ್ದು ಕೋಡಿಯ ಮೇಲೆ ಮೆಲ್ಲಗೆ ಇಳಿದರೆ, ಹಳ್ಳ ಒಂದೇ ತಾಸಿನಲ್ಲಿ ಉಕ್ಕಿ ಹೊಲ ಕೊರೆಯುವುದು ತಪ್ಪುತ್ತದೆ. ಮುಂದಿನ ತಿಂಗಳು ಮಳೆ ಹೋದರೆ ಆ ನೀರೇ ಬೆಳೆಗೆ ಆಸರೆ. ನೆರೆಗೂ ಬರಕ್ಕೂ ಒಂದೇ ಕಟ್ಟಡ. ಈ ಕಾಲಕ್ಕೆ ಬೇಕಾದದ್ದು ಅದೇ ಅಲ್ಲವೇ?

2005ರ ಉದ್ಯೋಗ ಖಾತ್ರಿ ಕಾಯ್ದೆ ಬಂದ ಮೇಲೆ ಹಳ್ಳಿಯ ಗೋಡೆಗಳ ಮೇಲೆ ಬದು ನಿರ್ಮಾಣ ಎಂಬ ಮಾತು ಬರೆಸಿಕೊಂಡಿತು. ಮೂರನೆಯ ಹೆಸರು ಇದು: ಒಡ್ಡು, ಬಂಡಿಂಗ್, ಬದು. ಈ ಕಾಯ್ದೆ ಬರದ ವರ್ಷಗಳಲ್ಲಿ ಎಷ್ಟೋ ಮನೆಗಳ ಒಲೆ ಉರಿಸಿದೆ, ಬೆಂಗಳೂರು ಗೋವಾಗಳಿಗೆ ಗುಳೆ ಹೋಗುವ ಬಸ್ಸಿನಿಂದ ಎಷ್ಟೋ ಜನರನ್ನು ಇಳಿಸಿದೆ. ಅದರ ಬಗ್ಗೆ ನನಗೆ ಗೌರವವಿದೆ. ತೊಂದರೆ ಇದ್ದದ್ದು ಲೆಕ್ಕದ ರೀತಿಯಲ್ಲಿ. ಖರ್ಚಿನಲ್ಲಿ ಶೇ 60ಕ್ಕೆ ಕಡಿಮೆಯಿಲ್ಲದಷ್ಟು ಕೂಲಿಗೆ, ಶೇ 40ಕ್ಕೆ ಮೀರದಷ್ಟು ಸಾಮಗ್ರಿಗೆ ಎಂಬುದು ಅದರ ನಿಯಮವಾಗಿತ್ತು. ನುರಿತ ಕೆಲಸಗಾರರ ಕೂಲಿಯೂ ಸಾಮಗ್ರಿಯ ಪಾಲಿಗೇ ಸೇರುತ್ತಿತ್ತು. ಮಣ್ಣು ಅಗೆದು ಹಾಕುವುದು ಕೂಲಿ. ಕೋಡಿಗೆ ಕಲ್ಲು ತರಿಸುವುದು ಸಾಮಗ್ರಿ. ಕಲ್ಲು ಕೂಡಿಸುವವನದು ನುರಿತ ಕೆಲಸ. ಅಳತೆ ಪುಸ್ತಕದಲ್ಲಿ ಘನಮೀಟರ್ ಮಣ್ಣು ಸುಲಭವಾಗಿ ಏರುತ್ತಿತ್ತು, ಕೋಡಿಯ ಕಲ್ಲು ಹಿಂದೆ ಉಳಿಯುತ್ತಿತ್ತು. ಕೆಲಸವನ್ನು ಸರ್ವೆ ನಂಬರಿಗೆ ಒಂದರಂತೆ, ಫಲಾನುಭವಿಗೆ ಒಂದರಂತೆ ಬರೆದಾಗ ಹಳ್ಳದ ತಲೆಯಿಂದ ಬಾಯಿಯವರೆಗಿನ ಸಾಲು ಹರಿದುಹೋಗುತ್ತಿತ್ತು. ಮೇಲಿನವರು ಅರ್ಜಿ ಹಾಕದಿದ್ದರೆ ಕೆಳಗಿನವರ ಬದು ಮೊದಲ ಮಳೆಗೇ ಹೋಗುತ್ತಿತ್ತು. ಹೆಸರು ಬದುವಾದಾಗ ನೋಟವೂ ಎಲ್ಲೆಯ ನೋಟವಾಯಿತು.

ಕಲ್ಲಿಗೆ ಈ ಸೀಮೆಯಲ್ಲಿ ಬರವಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್ ದೇಶ ವಿದೇಶಗಳ ಕಟ್ಟಡಗಳಿಗೆ ಹೋಗುತ್ತದೆ. ಗಣಿಯ ಬಾಯಲ್ಲಿ ಒಡೆದು ಬಿದ್ದ, ಮಾರಾಟಕ್ಕೆ ಬಾರದ ಕಲ್ಲಿನ ಗುಡ್ಡೆಗಳು ಹಾಗೇ ಬಿದ್ದಿರುತ್ತವೆ. ಅದರಲ್ಲಿ ಒಂದು ಪಾಲು ಹತ್ತಿರದ ಹಳ್ಳಗಳ ಕೋಡಿಗಳಿಗೆ ಬಂದರೂ ಸಾಕು. ರಾಜ್ಯದ ಹವಾಮಾನ ಕ್ರಿಯಾಯೋಜನೆಯನ್ನು ಮುಂದೆ ತಿದ್ದುವವರು ಹುನಗುಂದ, ಇಳಕಲ್, ಬಾದಾಮಿ ತಾಲ್ಲೂಕುಗಳಲ್ಲಿ ಹೊಸ ಕಾಮಗಾರಿಯ ಪಟ್ಟಿಗೆ ಮೊದಲು ಹಳೆಯ ಒಡ್ಡುಗಳ ಪಟ್ಟಿ ಮಾಡಿಸಬೇಕು. ಯಾವ ಹಳ್ಳದ ಮೇಲೆ ಎಷ್ಟು ಒಡ್ಡುಗಳಿವೆ, ಯಾವುದಕ್ಕೆ ಕೋಡಿ ಇದೆ, ಯಾವುದರ ಕಲ್ಲು ಸರಿದಿದೆ, ಯಾವುದರ ಹಿಂದೆ ನೆಲ ಏರಿ ಕೋಡಿ ತಗ್ಗಾಗಿದೆ. ಉಪಗ್ರಹದ ಚಿತ್ರ ಇದಕ್ಕೆ ಸಹಾಯವಾಗುತ್ತದೆ, ಆ ಹೊಲಗಳಲ್ಲಿ ನಡೆದಾಡಿದ ಹಿರಿಯರೊಬ್ಬರು ಜೊತೆಗಿರಲೇಬೇಕು. ಕಲ್ಲು ಕೂಡಿಸಬಲ್ಲ ಭೋವಿ ಕುಶಲಕರ್ಮಿಗಳನ್ನು ಕೂಲಿಯವರೆಂದಲ್ಲ, ಕಲಿಸುವವರೆಂದು ಕರೆಯಬೇಕು, ಆ ದರ್ಜೆಯ ಸಂಬಳ ಕೊಡಬೇಕು. ಹಣ ಬಿಡುಗಡೆಯಾಗಬೇಕಾದದ್ದು ಏಪ್ರಿಲ್ ಮೊದಲ ವಾರದಲ್ಲಿ. ಎರಿ ನೆಲ ಒಣಗಿ ಕಾಲಿಡಲು ಬರುವುದು ಆಗಲೇ. ಮುಂಗಾರು ಸುರುವಾಗಿ ಮಣ್ಣು ಕಾಲಿಗೆ ಮೆತ್ತಿಕೊಂಡ ಮೇಲೆ ಒಡ್ಡಿನ ಮೇಲೆ ಒಂದು ಬುಟ್ಟಿ ಮಣ್ಣನ್ನೂ ಹಾಕಲಾಗುವುದಿಲ್ಲ, ಆ ವರ್ಷದ ಹಸ್ತಿ ಮಳಿ ಸರಿದ ಕಲ್ಲುಗಳ ನಡುವೆಯೇ ದಾರಿ ಮಾಡಿಕೊಂಡು ಹಳ್ಳ ಸೇರುತ್ತದೆ.